ಅವ್ವನ ತಟ್ಟೆಗೆ ಬಂದ ಕೇಕು

ಓವನ್ ಸಿಡಿಯಬಹುದಿತ್ತು. ಸಿಡಿಯದಿದ್ದರೂ, ನಮ್ಮೂರಿನ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲದ ಕಾರಣ, ಕೇಕು ಅರ್ಧ ಬೆಂದು ಅರ್ಧ ಹಿಟ್ಟಾಗಿಯೇ ಕೂತುಬಿಡಬಹುದಿತ್ತು. ಕರೆಂಟು ಬಂದರೂ ವೋಲ್ಟೇಜು ಒಮ್ಮೆಲೇ ಏರಿ ಓವನ್, ಫ್ರಿಜ್ಜು, ಟೀವಿ, ತೋಟದ ಮೋಟಾರು ಎಲ್ಲ ಒಟ್ಟಿಗೆ ಹೊಗೆ ಬಿಡಬಹುದಿತ್ತು. ಕೊಯಮತ್ತೂರಿಗೆ ಹೋಗುವ ಬಸ್ಸು ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಇಪ್ಪತ್ತಾರನ್ನು ಸರಿಯಾಗಿ ತಿರುಗಿ ಒಂದನ್ನು ಮರೆಯಬಹುದಿತ್ತು. ಬರುವಾಗ ಆನೆ ಅಡ್ಡ ನಿಲ್ಲಬಹುದಿತ್ತು. ನಗರದ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ತಿಂದು ನನಗೇ ವಾಂತಿಭೇದಿ ಹಿಡಿದು, ಮಗಳು ನರ್ಸಿಂಗ್ ಕಲಿಯುತ್ತಿರುವ ಆಸ್ಪತ್ರೆಯಲ್ಲೇ, ಅವಳ ಗೆಳತಿಯರ ಕಣ್ಣೆದುರಿಗೇ ನಾನು ಮಲಗಬಹುದಿತ್ತು. ಅವ್ವನ ಗಂಟಲಲ್ಲಿ ತುಂಡು ಸಿಕ್ಕಿಕೊಳ್ಳಬಹುದಿತ್ತು, ಅವಳ ಸಕ್ಕರೆ ಏರಬಹುದಿತ್ತು, ತಾಳವಾಡಿಯ ಡಾಕ್ಟರು ಆ ಹೊತ್ತಿಗೆ ಊಟಕ್ಕೆ ಹೋಗಿರಬಹುದಿತ್ತು. ಇವೆಲ್ಲಕ್ಕೂ ಮೇಲೆ ಇನ್ನೊಂದಿತ್ತು. ಎಂಬತ್ತೊಂದು ವರ್ಷ ಮೊಟ್ಟೆ ಮುಟ್ಟದ ಅವ್ವನ ಬಾಯಿಗೆ ನನ್ನ ಕೈಯಿಂದಲೇ ಮೊಟ್ಟೆ ಹೋಗಿಬಿಡಬಹುದಿತ್ತು.

ಇದೆಲ್ಲ ಶುರುವಾದದ್ದು ಪಣಕಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆಯ ಕೂಸಿಗೆ ವರ್ಷ ತುಂಬಿದ ದಿನ. ತಾಳವಾಡಿಯಿಂದ ಕೇಕು ತರಿಸಿದ್ದರು. ಕೇರಿಯವರೆಲ್ಲ ತಿಂದರು. ಅವ್ವನ ಕೈಗೆ ಎಂದಿನಂತೆ ಒಂದು ಬಾಳೆಹಣ್ಣು ಕೊಟ್ಟರು. ಅದರಲ್ಲಿ ಅವಮಾನವೇನೂ ಇಲ್ಲ, ಅದು ಮರ್ಯಾದೆ. ಎಂಟನೇ ವಯಸ್ಸಿಗೆ ದೀಕ್ಷೆಯಾಗಿ ಕೊರಳಿಗೆ ಲಿಂಗ ಬಂದಾಗಿನಿಂದ ಅವ್ವ ಹೊರಗಿನ ತಿಂಡಿ ಮುಟ್ಟಿದವಳಲ್ಲ. ಬನ್ನು, ಬ್ರೆಡ್ಡು, ಬಿಸ್ಕತ್ತು ಯಾವುದೂ ಆಗದು, ಎಲ್ಲದರಲ್ಲೂ ಮೊಟ್ಟೆಯ ಅನುಮಾನ. ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೊಟ್ಟ ಬ್ರೆಡ್ಡನ್ನು ಕಿಟಕಿಯಾಚೆಯ ಗುಬ್ಬಿಗಳಿಗೆ ಹಾಕಿ, ಮೂರು ದಿನ ಹಾಲಿನ ಮೇಲೆಯೇ ಇದ್ದಳು. ಇದು ಊರಿಗೆಲ್ಲ ಗೊತ್ತಿದ್ದದ್ದೇ.

ಆ ಸಂಜೆ ಮಾತ್ರ ಅವ್ವ ಜಗಲಿಯ ಮೇಲೆ ಕೂತು ಬಾಳೆಹಣ್ಣಿನ ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅದೇನ್ಲಾ ಅದು, ಅಷ್ಟೊಂದ್ ಮೆತ್ತಗಿರ್ತದ? ಆ ಎಳೇ ಕೂಸು ಬಾಯಲ್ಲಿ ಒಂದಲ್ಲೂ ಇಲ್ದೆ ನುಂಗ್ತಾ ಕುಂತಿತ್ತು."

"ಕೇಕು ಕಣವ್ವ."

"ಕೇಕು ಅಂತ ನನಗೂ ಗೊತ್ತು. ಮೂವತ್ ವರ್ಸದಿಂದ ನೋಡ್ತಾ ಇವ್ನಿ. ಎಲ್ಲಾರ ಮನೇಲೂ ಅದ ಕುಯ್ತರ, ನಾನು ಮೂಲೇಲಿ ಕುಂತು ಬಾಳೆಅಣ್ಣು ಸುಲೀತೀನಿ. ಈಗ ನನಗ ಇರದು ಮೂರಲ್ಲು. ಅದೂ ಓಗೋ ಮುಂಚೆ ಒಂದ್ ಸಲ ತಿಂದ್ ನೋಡ್ಬೇಕು."

"ಕೊಯಮತ್ತೂರಲ್ಲಿ ಮೊಟ್ಟೆ ಹಾಕ್ದೇ ಇರೋದು ಸಿಗ್ತದಂತೆ. ತಂದ್‌ಕೊಡ್ತೀನಿ."

"ಅಂಗಡೀದು ಬ್ಯಾಡ. ಅವ್ರು ಇಲ್ಲ ಅಂದ್ರೂ ಇರ್ತದ. ನೀನ್ ಮಾಡ್ಕೊಡು. ನೀನ್ ಮಾಡುದ್ರ ತಿಂತೀನಿ."

ಇದುವರೆಗೆ ಅವ್ವ ನನ್ನಿಂದ ಏನನ್ನೂ ಕೇಳಿದವಳಲ್ಲ. ಹಾಗಾಗಿ ಆ ಮಾತು ಬಿದ್ದ ಕ್ಷಣವೇ ಆಗಬಹುದಾದ ಅನಾಹುತಗಳ ಪಟ್ಟಿ ಮಾಡತೊಡಗಿದೆ. ನನ್ನನ್ನು ಬಲ್ಲವರಿಗೆ ಇದು ಹೊಸದೇನಲ್ಲ. ತಿಗನಾರೆಯ ಶಾಲೆಯಲ್ಲಿ ಮೇಷ್ಟರಾಗಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಪ್ರತಿದಿನ ಗಾಡಿ ಹತ್ತುವಾಗ ಇವತ್ತು ಹಂದಿ ಅಡ್ಡ ಬರುತ್ತದೆ ಎಂದೇ ಹೊರಡುತ್ತೇನೆ. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಾನು ಎಳೆದು ನೋಡಿದ್ದು ನಿಜವೇ ಎಂದು ಪರೀಕ್ಷಿಸಲು ಅರ್ಧ ದಾರಿಯಿಂದ ವಾಪಸ್ಸು ಬರುವವನು. ಜೊತೆಗೆ, ಮೊಟ್ಟೆಯ ವಿಷಯದಲ್ಲಿ ನನ್ನ ಕೈ ಅಷ್ಟೇನೂ ಶುದ್ಧವಾಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮೇಷ್ಟರ ಟ್ರೈನಿಂಗಿಗೆಂದು ಘಾಟಿಯ ಕೆಳಗಿನ ಸೀಮೆಗೆ ಹೋದಾಗ ಹಾಸ್ಟೆಲಿನ ಎದುರಿನ ತಳ್ಳುಗಾಡಿಯಲ್ಲಿ ಎರಡು ವರ್ಷ ಆಮ್ಲೆಟ್ಟು ತಿಂದಿದ್ದೆ. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದು ನಾನು ನಂಬಿದ್ದೆ.

ಹೆಂಡತಿಗೆ ಹೇಳಿದೆ, ನೀನೇ ಮಾಡಿಬಿಡು, ನಿನಗೆ ಅಡುಗೆ ಗೊತ್ತು ಎಂದು.

"ಅತ್ತೆ ಕೇಳಿದ್ದು ನಿಮ್ಮನ್ನ," ಎಂದಳು ಅವಳು ಸೊಪ್ಪು ಬಿಡಿಸುತ್ತ. "ನಾನು ಇಪ್ಪತ್ತೆರಡು ವರ್ಸದಿಂದ ಮಾಡಿ ಆಕ್ತಾ ಇವ್ನಿ. ಒಂದ್ ದಿನ ನೀವೂ ಎದುರ್ಕೊಂಡು ಮಾಡಿ. ಅಡುಗೆ ಮನೇಲಿ ಭಯ ಎಂಗಿರ್ತದ ಅಂತ ಗೊತ್ತಾಗ್ಲಿ."

ಫೋನಿನಲ್ಲಿ ಆರ್ಡರ್ ಮಾಡಿ ಒಂದು ಸಣ್ಣ ಕರೆಂಟ್ ಓವನ್ ತರಿಸಿದೆ. ಅದು ತಾಳವಾಡಿಯ ತನಕ ಮಾತ್ರ ಬಂತು. ಅಲ್ಲಿಂದ ಗಾಡಿಯ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು, ಎದುರು ಬಂದವರಿಗೆಲ್ಲ "ಟೀವಿನಾ ಮೇಷ್ಟ್ರೇ?" "ಅಲ್ಲ, ಓವನ್" ಎಂದು ಹೇಳುತ್ತ ತಂದೆ. ಊರಿಗೆ ತಲುಪುವುದರೊಳಗೆ ನನ್ನ ಕೇಕಿನ ಸುದ್ದಿ ನನಗಿಂತ ಮುಂದೆ ಓಡಿತ್ತು.

ಮೊದಲನೆಯ ಕೇಕು ಮೈದಾ, ಮೊಸರು, ಸೋಡಾ ಹಾಕಿ, ಫೋನಿನಲ್ಲಿ ಒಬ್ಬಾಕೆ ನಗುನಗುತ್ತ ತೋರಿಸಿದಂತೆಯೇ ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾಡಿದೆ. ಬೆಂದು ಹೊರಗೆ ಬಂದದ್ದನ್ನು ಹೆಂಡತಿ ಬೆರಳ ಗೆಣ್ಣಿನಲ್ಲಿ ತಟ್ಟಿದಳು. ಬಾಗಿಲು ತಟ್ಟಿದ ಸದ್ದು ಬಂತು.

"ಕೊಟ್ಟಿಗೆ ಗೋಡೇಲಿ ಒಂದು ತೂತದ," ಎಂದಳು. "ಅದ್ಕ ಸರಿಯಾಯ್ತದ."

ಎರಡನೆಯದು ಎತ್ತರಕ್ಕೆ ಉಬ್ಬಿ, ನಾನು ಸಂತೋಷದಿಂದ ಬಾಗಿಲು ತೆರೆದು ನೋಡುತ್ತಿದ್ದಂತೆ ನಡುವೆ ಕುಸಿದು ಹೊಂಡವಾಯಿತು. ಎಮ್ಮೆಯ ಮುಂದಿಟ್ಟರೆ ಅದು ಮೂಸಿ, ನನ್ನ ಮುಖ ನೋಡಿ, ನಿಧಾನಕ್ಕೆ ತಿಂದಿತು. ಮೂರನೆಯದನ್ನು ಇಟ್ಟಾಗ ಅದೂ ಮುಖ ತಿರುಗಿಸಿತು. ಅವ್ವ ಜಗಲಿಯಿಂದ ಎಲ್ಲ ನೋಡುತ್ತಿದ್ದಳು. ಏನಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಸುಮ್ಮನೆ ಕಾಯುತ್ತಿದ್ದಳು. ಕೆಳದವಡೆಯ ಒಂದು ಹಲ್ಲು ಆಗಲೇ ಅಲ್ಲಾಡತೊಡಗಿತ್ತು. ಅದನ್ನು ನಾಲಿಗೆಯಿಂದ ಹಿಂದೆ ಮುಂದೆ ಆಡಿಸುತ್ತ ಕೂತಿರುತ್ತಿದ್ದಳು. ಆ ಹಲ್ಲು ನನಗೆ ಶಾಲೆಯ ಗಡಿಯಾರದ ಹಾಗೆ ಕಾಣತೊಡಗಿತು.

"ನೀವು ಯಾವತ್ತಾರ ಒಂದೊಳ್ಳೆ ಕೇಕು ತಿಂದಿದ್ದೀರಾ?" ಎಂದು ಹೆಂಡತಿ ಕೇಳಿದಳು. "ರುಚಿನೇ ಗೊತ್ತಿಲ್ಲದೋರು ಎಂಗ್ ಮಾಡ್ತೀರಿ? ನಾನು ಸಾರು ಕಲ್ತದ್ದು ನಮ್ಮವ್ವನ ಸಾರು ತಿಂದು."

ಅದು ಸರಿಯಾದ ಮಾತು. ಹಾಗಾಗಿ ಒಂದು ಶನಿವಾರ ಬೆಳಗಿನ ಬಸ್ಸಿಗೆ ಕೊಯಮತ್ತೂರಿಗೆ ಹೊರಟೆ. ದಿಂಬಂನಲ್ಲಿ ಟೀಗೆ ನಿಲ್ಲಿಸಿದಾಗ ಡ್ರೈವರು ವಡೆ ಕಟ್ಟಿಸಿಕೊಂಡ. ಘಾಟಿ ಇಳಿಯುವಾಗ ಅದನ್ನು ತಿನ್ನುತ್ತಾನೋ ಎಂದು ನಾನು ಮೊದಲ ತಿರುವಿನಿಂದಲೇ ಅವನ ಕೈಯನ್ನೇ ನೋಡುತ್ತಿದ್ದೆ. ತಿಂದ. ಒಂಬತ್ತನೆಯ ತಿರುವಿನಲ್ಲಿ ಬಲಗೈಯಲ್ಲಿ ಸ್ಟೇರಿಂಗು, ಎಡಗೈಯಲ್ಲಿ ವಡೆ, ಎದುರಿಗೆ ಮೇಲೇರಿ ಬರುತ್ತಿರುವ ಲಾರಿ. ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದ ಸೀಟಿನ ಮುದುಕ ನನ್ನ ಮೊಣಕಾಲನ್ನು ತಟ್ಟಿ, "ಎದುರ್ಕಬೇಡಿ ಸಾಮಿ, ಅವ್ನು ದಿನಾ ಇಲ್ಲೇ ವಡೆ ತಿನ್ನದು," ಎಂದ.

ಮಗಳು ಗಾಂಧಿಪುರಂ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ನಡೆದು ಹೋಗುವ ದಾರಿಯಲ್ಲೇ ಷರತ್ತು ಹಾಕಿದಳು. "ಅಪ್ಪ, ಎಲ್ಲ ಅಂಗಡೀಲೂ ಪೊಲೀಸ್ನೋರ ತರ ಕೇಳ್ಬೇಡ. ನಾನು ಈ ಊರಲ್ಲಿ ಇನ್ನೂ ಎರಡು ವರ್ಷ ಇರ್ಬೇಕು."

ಮೊದಲು ಹೋದದ್ದು ಸಿಹಿ ಅಂಗಡಿಗೆ, ಧೈರ್ಯಕ್ಕೆಂದು. ಅಲ್ಲಿ ಮೊಟ್ಟೆಯ ಹೆದರಿಕೆ ಇಲ್ಲ. ತುಪ್ಪದ ಮೈಸೂರ್‌ಪಾಕು ಇಟ್ಟಿದ್ದರು. ನಮ್ಮ ಕಡೆ ಮದುವೆಗಳಲ್ಲಿ ಮಾಡುವ ಗಟ್ಟಿ ಜಾತಿಯದಲ್ಲ, ನಾಲಿಗೆ ಮೇಲಿಟ್ಟರೆ ಹೇಳದೆ ಕೇಳದೆ ಕರಗಿಹೋಗುವಂಥದು. ಮೂರು ಹಲ್ಲಿನವರಿಗೆ ಇದಾದರೂ ಸಾಕಲ್ಲವೇ ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಅವ್ವ ಕೇಳಿದ್ದು ಕೇಕು, ಅದೂ ನನ್ನ ಕೈಯದು. ಹೆಂಡತಿಗೆಂದು ಅರ್ಧ ಕಿಲೋ ಕಟ್ಟಿಸಿದೆ. ಅಲ್ಲಿಂದ ಒಂದು ಹಳೆಯ ಬೇಕರಿ. ತೆಂಗಿನ ತುರಿ, ಸಕ್ಕರೆ, ಬಣ್ಣಬಣ್ಣದ ಹಣ್ಣಿನ ಚೂರು ತುಂಬಿಸಿದ ದೊಡ್ಡ ದುಂಡನೆಯ ಬನ್ನನ್ನು ಎತ್ತಿನಗಾಡಿಯ ಚಕ್ರದ ಆರೆಗಳ ಹಾಗೆ ಕುಯ್ದು ಮಾರುತ್ತಿದ್ದರು. ಅದೂ ಚೆನ್ನಾಗಿತ್ತು. ಕೇಕಾಗಿರಲಿಲ್ಲ.

ಆಮೇಲೆ ಮಗಳು ಗಾಜಿನ ಬಾಗಿಲಿನ, ತಂಪು ಗಾಳಿಯ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ದೀಪಗಳ ಕೆಳಗೆ ಕೇಕುಗಳು ಸಾಲಾಗಿ ಮಲಗಿದ್ದವು. "ನಮ್ಮ ಹೆರಿಗೆ ವಾರ್ಡ್ ತರಾನೇ ಅದೆ ಅಲ್ವಾಪ್ಪ," ಎಂದಳು. ಇಲ್ಲಿ ಮೊಟ್ಟೆಯಿಲ್ಲದ್ದಕ್ಕೆ ಬೇರೆಯೇ ಕಪಾಟು. ಒಂದು ತುಂಡು ತಿಂದೆ. ಮೇಲಿನ ಕ್ರೀಮು ಅಂಗುಳಕ್ಕೆ ಮೇಣದ ಹಾಗೆ ಅಂಟಿತು. ಒಳಗಿನದು ಪುಡಿಪುಡಿ, ಸಪ್ಪೆ. ಮೊಟ್ಟೆಯಿಲ್ಲದ ಕೇಕೆಂದರೆ ಇಷ್ಟೇ ಏನೋ, ಅವ್ವ ಮೂವತ್ತು ವರ್ಷ ಕಾದದ್ದು ಇದಕ್ಕೇನೋ ಎಂದು ನನಗೆ ಗಾಬರಿಯಾಯಿತು. ಅವಳು ತಿಂದು ಮುಖ ಸಿಂಡರಿಸಿದರೆ ಏನು ಮಾಡಲಿ ಎಂಬ ಭಯ ಅಲ್ಲಿಯ ತನಕ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅದನ್ನೂ ಸೇರಿಸಿಕೊಂಡೆ.

ಕೊನೆಗೆ ಒಂದು ಓಣಿಯೊಳಗೆ, ತಗಡಿನ ಮಾಡಿನ ಸಣ್ಣ ಬೇಕರಿ. ಗಲ್ಲಾಪೆಟ್ಟಿಗೆಯ ಹಿಂದೆ ದಪ್ಪ ಕನ್ನಡಕದ ಒಬ್ಬ ಅಮ್ಮ ಕೂತಿದ್ದಳು. ಅಲ್ಲಿ ಹನಿ ಕೇಕು ಇತ್ತು. ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ಪುಡಿ, ಒಳಗೆಲ್ಲ ಸಕ್ಕರೆ ಪಾಕ ಕುಡಿದು ನೆನೆದ ಮೆತ್ತನೆ. ಒಂದು ತಿಂದೆ. ಕೇಳುವುದನ್ನು ಮರೆತು ಎರಡನೆಯದನ್ನೂ ತಿಂದೆ. ನಮ್ಮ ಅವ್ವ ನೋಡಿ ಆಸೆಪಟ್ಟದ್ದು ಇದನ್ನೇ ಎಂದು ಖಾತ್ರಿಯಾಯಿತು. ಆಗ ನೆನಪಾಗಿ, "ಮುಟ್ಟೈ ಇಲ್ಲಾಮ ತಾನೇ?" ಎಂದು ಕೇಳಿದೆ.

ಅಮ್ಮ ನಕ್ಕಳು. ಕಿಲೋಗೆ ಆರು ಮೊಟ್ಟೆ ಎಂದು ತಮಿಳಿನಲ್ಲಿ ಹೆಮ್ಮೆಯಿಂದ ಹೇಳಿದಳು.

ಮಗಳು ನನ್ನ ಮುಖ ನೋಡಿದಳು. ನಾನು ನನ್ನ ಬೆರಳುಗಳನ್ನು ನೋಡಿದೆ. ಜಾಮು ಅಂಟಿತ್ತು. ಮೂವತ್ತು ವರ್ಷದ ಹಿಂದೆ ತಿಂದ ಆಮ್ಲೆಟ್ಟುಗಳೆಲ್ಲ ಒಟ್ಟಾಗಿ ಎದ್ದು ಬಂದು ನನ್ನ ಸುತ್ತ ನಿಂತ ಹಾಗಾಯಿತು. ಆಗ ತಿಂದದ್ದು ನನಗಾಗಿ, ಅದು ನನ್ನ ಪಾಡು. ಇದು ಅವ್ವನ ಕೇಕಿಗಾಗಿ ಹೊರಟ ಬಾಯಿ, ಅವ್ವನ ಹಿಟ್ಟು ಕಲಸಬೇಕಾದ ಕೈ. ಅಂಗಡಿಯ ನಲ್ಲಿಯಲ್ಲಿ ಕೈ ತೊಳೆದೆ. ತಿರುಗಿ ಬಂದು ಇನ್ನೊಮ್ಮೆ ತೊಳೆದೆ. ಮೂರನೆಯ ಸಲ ಹೋಗುವಾಗ ಮಗಳು ಅಂಗಿ ಹಿಡಿದು ಎಳೆದಳು.

"ಯಾರಿಗೆ ಕೇಕು?" ಎಂದು ಅಮ್ಮ ಕೇಳಿದಳು. ಹೇಳಿದೆ, ತಾಯಿಗೆ, ಎಂಬತ್ತೊಂದು ವರ್ಷ, ಮೂರು ಹಲ್ಲು, ಮೊಟ್ಟೆ ಆಗದು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ, ಮೊಸರಿಗೆ ಸೋಡಾ ಹಾಕಿ ನೊರೆ ಬರುವ ತನಕ ಕೈ ಹಾಕಬೇಡ, ಹಿಟ್ಟು ಬಿದ್ದ ಮೇಲೆ ಜಾಸ್ತಿ ಕಲಸಬೇಡ, ಓವನ್ ಬಾಗಿಲನ್ನು ಮಧ್ಯೆ ಮಧ್ಯೆ ತೆಗೆದು ನೋಡಬೇಡ, ಬೆಂದು ಇನ್ನೂ ಬಿಸಿಯಿರುವಾಗಲೇ ಸಕ್ಕರೆ ನೀರನ್ನು ಚಮಚದಲ್ಲಿ ಮೇಲೆಲ್ಲ ಕುಡಿಸು ಎಂದಳು. ಎಲ್ಲ ಹೇಳಿ, "ರೊಂಬ ಭಯಪ್ಪಡಾದೆ," ತುಂಬಾ ಹೆದರಬೇಡ ಎಂದೂ ಸೇರಿಸಿದಳು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಬರೆದುಕೊಂಡೆ.

ಬೇಕರಿ ಸಾಮಾನು ಮಾರುವ ಬೀದಿಯಲ್ಲಿ ಮೈದಾ, ಎಸೆನ್ಸು, ಬಟರ್ ಪೇಪರು ಕೊಂಡೆ. ಪ್ರತಿ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಮಗಳ ಕೈಲಿ ಓದಿಸಿದೆ. ಇಷ್ಟು ಜಾಗ್ರತೆ ಮಾಡಿದವನು ಬಾಗಿಲ ಹತ್ತಿರದ ರಾಶಿಯಲ್ಲಿ ಬಿದ್ದಿದ್ದ ಕೇಕು ಬೇಯಿಸುವ ಒಂದು ತಗಡಿನ ಪಾತ್ರೆಯನ್ನು ನೋಡಿ, ದಪ್ಪ ಇದೆ, ಗಟ್ಟಿ ಇದೆ, ಅರ್ಧ ಬೆಲೆಗೆ ಕೊಡುತ್ತಾರೆ ಎಂದು ಒಂದೂ ಪ್ರಶ್ನೆ ಕೇಳದೆ ಚೀಲಕ್ಕೆ ಹಾಕಿಕೊಂಡೆ.

ವಾಪಸ್ಸು ಬರುವಾಗ ಘಾಟಿ ಹತ್ತಿ, ಆಸನೂರು ದಾಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಬಸ್ಸು ನಿಂತಿತು. ಮುಂದೆ ರಸ್ತೆಯ ನಡುವೆ ಒಂಟಿ ಆನೆ. ಡ್ರೈವರು ಇಂಜಿನ್ ಆರಿಸಿದ. ಕಬ್ಬಿನ ಲಾರಿಗಳನ್ನು ತಡೆದು ಕಬ್ಬು ಎಳೆದುಕೊಳ್ಳುವ ಆನೆಗಳು ಆ ದಾರಿಯಲ್ಲಿವೆ ಎಂದು ನಮಗೆಲ್ಲ ಗೊತ್ತು. ನನ್ನ ತೊಡೆಯ ಮೇಲೆ ಅರ್ಧ ಕಿಲೋ ತುಪ್ಪದ ಮೈಸೂರ್‌ಪಾಕು. ಆನೆ ಸೊಂಡಿಲೆತ್ತಿ ಗಾಳಿ ಹಿಡಿಯಿತು. ಇಡೀ ಬಸ್ಸಿನಲ್ಲಿ ಸಿಹಿ ಇರುವುದು ನನ್ನ ಹತ್ತಿರ ಮಾತ್ರ ಎಂದು ನನಗನ್ನಿಸಿತು. ಪೊಟ್ಟಣವನ್ನು ಅಂಗಿಯೊಳಗೆ ತುರುಕಿ, ಅದರ ಮೇಲೆ ಟವಲು ಹೊದ್ದು ಕೂತೆ. ಆನೆ ಎರಡು ಹೆಜ್ಜೆ ಬಸ್ಸಿನ ಕಡೆಗೆ ಬಂತು. ಹಿಂದಿನ ಸೀಟಿನ ಹೆಂಗಸು ನಿಧಾನಕ್ಕೆ, "ಅಯ್ಯೋ ಯಾರೋ ತುಪ್ಪ ತಂದವ್ರ ಕಣ," ಎಂದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಆನೆ ಕಿವಿ ಬೀಸಿ, ನಮ್ಮಲ್ಲಿ ಯಾರೂ ಅದರ ಲೆಕ್ಕಕ್ಕೇ ಇಲ್ಲವೆಂಬಂತೆ ಪೊದೆಯೊಳಗೆ ಇಳಿದುಹೋಯಿತು. ಮನೆಗೆ ತಲುಪುವಾಗ ಮೈಸೂರ್‌ಪಾಕು ನನ್ನ ಬನಿಯನ್ನಿಗೆ ಅಂಟಿಕೊಂಡು ಅರ್ಧ ಕರಗಿತ್ತು.

ಮರುದಿನ ಆ ತಗಡನ್ನು ತೊಳೆದು, ಓಣಿಯ ಅಮ್ಮ ಹೇಳಿದಂತೆ ಒಂದು ಕೇಕು ಮಾಡಿದೆ. ಅದು ಉಬ್ಬಿತು. ಕುಸಿಯಲಿಲ್ಲ. ಸಕ್ಕರೆ ನೀರು ಕುಡಿಸಿದಾಗ ಸದ್ದಿಲ್ಲದೆ ಹೀರಿಕೊಂಡಿತು. ಬೆರಳಿಟ್ಟರೆ ಒಳಕ್ಕೆ ಹೋಗಿ ಮತ್ತೆ ಮೇಲೆದ್ದಿತು. ನಾನು ಹೆಂಡತಿಯನ್ನು ಕರೆದೆ. ಅವಳು ಕೇಕನ್ನು ನೋಡಲಿಲ್ಲ, ತಗಡನ್ನು ತಿರುಗಿಸಿ ಅಂಚಿನ ಮಡಿಕೆಯಲ್ಲಿ ಕಟ್ಟಿದ್ದ ಕಪ್ಪು ಕಿಟ್ಟವನ್ನು ಉಗುರಿನಿಂದ ಕೆರೆದಳು.

"ಇದು ಹೊಸದಲ್ವಲ್ಲ. ಯಾರದು?"

"ಬೇಕರಿಯೋರದು. ಹಳೇದು. ಕಮ್ಮೀಗ್ ಸಿಕ್ತು," ಎಂದೆ. ಹೇಳುತ್ತಿರುವಾಗಲೇ ನನಗೆ ಅರ್ಥವಾಯಿತು. ಬೇಕರಿಯ ಹಳೇ ತಗಡು. ಎಷ್ಟು ವರ್ಷದ್ದೋ. ಕಿಲೋಗೆ ಆರು ಮೊಟ್ಟೆಯ ಲೆಕ್ಕದಲ್ಲಿ ಆ ಅಂಚಿನ ಕಿಟ್ಟ ಬೆಳೆದುಬಂದಿತ್ತು.

ಹೆಂಡತಿ ತಗಡನ್ನು ಹಿತ್ತಲಿಗೆ ಒಯ್ದು ಎಸೆದಳು. ಕೇಕನ್ನು ಎಮ್ಮೆಗೆ ಹಾಕಿದಳು. ಈ ಸಲ ಎಮ್ಮೆ ತಟ್ಟೆಯನ್ನೂ ನೆಕ್ಕಿತು. ನಾನು ಓವನ್ನಿನ ಒಳಗನ್ನು ಹುಣಸೆಹಣ್ಣು, ನಿಂಬೆ, ಬೂದಿ, ಬಿಸಿನೀರು ಎಂದು ಮೂರು ದಿನ ತಿಕ್ಕಿದೆ. ಕಂಬಿಗಳನ್ನು ಬಿಚ್ಚಿ ಒಲೆಯ ಬೆಂಕಿಗೆ ಹಿಡಿದೆ. ಆದರೂ ಬಾಗಿಲು ತೆರೆದರೆ ನನ್ನ ಮೂಗಿಗೆ ಹಾಸ್ಟೆಲಿನ ಎದುರಿನ ತಳ್ಳುಗಾಡಿಯ ವಾಸನೆಯೇ ಬರುತ್ತಿತ್ತು. ಹೆಂಡತಿಗೆ ಬರುತ್ತಿರಲಿಲ್ಲ. "ಅದು ಓವನ್ನಿಂದಲ್ಲ, ನಿಮ್ಮ ಮೂಗಿಂದು," ಎಂದಳು.

"ಅವ್ವಂಗೆ ಹೇಳ್ಬೇಕಾ?"

"ಅದ ನನ್ನ ಕೇಳ್ಬೇಡಿ. ನಿಮ್ಮ ಕೈಲಿ ತಿಂತೀನಿ ಅಂದೋರು ಅವ್ರು."

ವಾರವೆಲ್ಲ ನನಗೆ ಶಾಲೆ, ಸೋಮವಾರ ಅವ್ವನಿಗೆ ಒಂದೇ ಊಟದ ಒಪ್ಪೊತ್ತು, ಹಾಗಾಗಿ ಮುಂದಿನ ಭಾನುವಾರ ಎಂದು ಗೊತ್ತು ಮಾಡಿಕೊಂಡೆವು. ಕೆಳದವಡೆಯ ಹಲ್ಲು ಗುರುವಾರ ಬಿದ್ದಿತ್ತು. ಎರಡು ಉಳಿದಿದ್ದವು. ಆ ದಿನ ಬೆಳಗ್ಗೆ ನಮ್ಮ ಮನೆಯ ಸ್ಟೀಲಿನ ಡಬರಿಯನ್ನೇ ತೆಗೆದುಕೊಂಡೆ. ಅದರಲ್ಲಿ ಅನ್ನ ಬಿಟ್ಟು ಬೇರೆ ಏನೂ ಬೆಂದಿಲ್ಲ. ಹಿಟ್ಟು ಕಲಸುವ ಮುಂಚೆ ಸ್ನಾನ ಮಾಡಿದೆ. ಮೊಸರಿನಲ್ಲಿ ನೊರೆ ಬರುವ ತನಕ ಕೈ ಕಟ್ಟಿ ನಿಂತೆ. ಓವನ್ನಿಗೆ ಇಟ್ಟ ಮೇಲೆ ಬಾಗಿಲು ತೆರೆಯದಂತೆ ಹೆಂಡತಿ ನನ್ನನ್ನು ಅಡುಗೆ ಮನೆಯಿಂದಲೇ ಹೊರಗೆ ಹಾಕಿದಳು. ಜಗಲಿಯಲ್ಲಿ ನಿಂತು ಕರೆಂಟಿನ ತಂತಿಯನ್ನೇ ನೋಡುತ್ತಿದ್ದೆ. ಅದರ ಮೇಲೆ ಒಂದು ಕಾಗೆ ಬಂದು ಕೂತಿತು. ಓಡಿಸಲೂ ಭಯ, ಬಿಡಲೂ ಭಯ. ಕರೆಂಟು ಹೋಗಲಿಲ್ಲ. ನಲವತ್ತು ನಿಮಿಷಕ್ಕೆ ಮನೆ ತುಂಬ ಬಿಸಿ ಸಕ್ಕರೆಯ ವಾಸನೆ ಹರಡಿತು.

ಅವ್ವ ಮಿಂದು, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಮುಂದೆ ಅವಳ ಕಂಚಿನ ತಟ್ಟೆ. ನಾನು ಡಬರಿಯಿಂದ ಒಂದು ತುಂಡು ಕುಯ್ದು ಅದರ ಮೇಲಿಟ್ಟೆ. ಅವ್ವ ಬಗ್ಗಿ ನೋಡಿದಳು. ಮೊಟ್ಟೆ ಇದೆಯಾ ಎಂದು ಕೇಳುತ್ತಾಳೆ, ಇಲ್ಲ ಎಂದು ಹೇಳುತ್ತೇನೆ ಎಂದುಕೊಂಡಿದ್ದೆ. ಅವಳು ಕೇಳಲೇ ಇಲ್ಲ. ಕೊರಳಿನ ಲಿಂಗಕ್ಕೆ ಕೈ ಹೋಯಿತು. ಆ ಕೈ ನೋಡಿ ನಾನು ಹೆದರಿದಷ್ಟು ಆನೆಯ ಎದುರಿಗೂ ಹೆದರಿರಲಿಲ್ಲ.

"ಅವ್ವ, ವಸಿ ಇರು. ಒಂದ್ ಮಾತದ."

"ಏನು, ಉಪ್ಪು ಜಾಸ್ತಿ ಆಗದ?"

ಎಲ್ಲ ಹೇಳಿದೆ. ಓಣಿಯ ಅಂಗಡಿಯಲ್ಲಿ ಎರಡು ತುಂಡು ತಿಂದದ್ದು, ತಗಡು, ಅದೇ ಓವನ್ನು, ಮೂರು ದಿನ ತಿಕ್ಕಿದ್ದು. ಹೇಳತೊಡಗಿದ ಮೇಲೆ ನಿಲ್ಲಿಸಲು ಬಾರದೆ ಟ್ರೈನಿಂಗಿನ ಆಮ್ಲೆಟ್ಟನ್ನೂ ಹೇಳಿಬಿಟ್ಟೆ. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೆಲ ನೋಡುತ್ತಿದ್ದಳು.

"ಆಮ್ಲೆಟ್ಟು ನನಗ್ ಗೊತ್ತಿತ್ತು," ಎಂದಳು ಅವ್ವ. "ರಜಕ್ಕ ಬಂದಾಗ ಅನ್ನ ಮುಂದಿಟ್ರ ಮೊಕ ಗಂಟಾಕತಿದ್ದೆ. ನಿಮ್ಮಪ್ಪಂಗ ಏಳ್ಲಿಲ್ಲ ನಾನು. ಈ ಡಬರಿ ನಮ್ದೇ ತಾನೆ?"

"ನಮ್ದೇ."

"ಆ ತಗಡಲ್ ಮಾಡಿದ್ದ ಯಾರ್ ತಿಂದ್ರು?"

"ಎಮ್ಮೆ."

ಅವ್ವ ಕೊಟ್ಟಿಗೆಯ ಕಡೆ ನೋಡಿದಳು. "ಎಮ್ಮೆ ಆಲು ನಾನ್ ಕುಡೀತೀನಲ್ಲ ಮಗ," ಎಂದಳು.

ಅದು ನನಗೆ ಹೊಳೆದಿರಲೇ ಇಲ್ಲ. ಯಾವುದನ್ನೂ ಬಿಡದೆ ಹೆದರಿದವನು ಅದೊಂದಕ್ಕೆ ಹೆದರಲು ಮರೆತಿದ್ದೆ. ಅವ್ವ ನನ್ನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲ್ಲಾಡತೊಡಗಿತು. ನಗುತ್ತಿದ್ದಳು.

"ಅಂಗ್ ನೋಡ್ತಾ ಓದ್ರ ಎಮ್ಮೆ ಬೀದೀಲಿ ಏನೇನ್ ತಿಂತದೋ ಯಾರ್ ಕಂಡೋರು. ತಿಕ್ಕಿದ್ದೀಯ, ತೊಳ್ದಿದ್ದೀಯ, ಬೆಂಕಿಗ್ ಇಡ್ದಿದ್ದೀಯ. ಇನ್ನೇನ್ ನಿನ್ನೂ ಸುಟ್ಕತೀಯ? ಬುಡು."

ತಟ್ಟೆಗೆ ಬಂದದ್ದನ್ನು ಲಿಂಗಕ್ಕೆ ಅರ್ಪಿಸಿ, ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಹೇಳಿಕೊಂಡಳು. ಒಂದು ಚೂರು ಮುರಿದು ಬಾಯಿಗಿಟ್ಟಳು. ನಾನು ಅವಳ ಗಂಟಲನ್ನೇ ನೋಡುತ್ತ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ಕೂತಿದ್ದೆ. ಅವಳು ನುಂಗಿದಳು. ಕೆಮ್ಮಲಿಲ್ಲ. ಇನ್ನೊಂದು ಚೂರು. ನಮ್ಮಿಬ್ಬರ ಕಡೆ ನೋಡದೆ, ಪ್ರತಿ ಚೂರನ್ನೂ ನಾಲಿಗೆಯಿಂದ ಮೇಲಕ್ಕೊತ್ತಿ ಕರಗುವ ತನಕ ಕಾದು ತಿಂದಳು. ಅವಳ ಕೆನ್ನೆಗಳು ಒಳಕ್ಕೂ ಹೊರಕ್ಕೂ ಹೋಗುವುದನ್ನು ನೋಡುತ್ತಿದ್ದರೆ ಪಕ್ಕದ ಮನೆಯ ಕೂಸೇ ಕೂತಿದೆ ಅನ್ನಿಸುತ್ತಿತ್ತು. ಕೊನೆಯ ತುತ್ತು ಮಾತ್ರ ಬಹಳ ಹೊತ್ತು ಹಿಡಿಯಿತು. ಎರಡು ಹಲ್ಲಿನ ನಡುವೆ ಸಿಕ್ಕಿಸಿ, ಆ ಕಡೆ ಈ ಕಡೆ ತಿರುಗಿಸಿ, ಅಗಿದು ಅಗಿದು ನುಂಗಿದಳು. ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದ, ಒಂದು ಚೂರನ್ನೂ ತಟ್ಟೆಯಲ್ಲಿ ಬಿಡುವವಳಲ್ಲ. ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದಳು.

ಆಗ ನನ್ನ ಕಣ್ಣು ಡಬರಿಯ ಕಡೆ ಹೋಯಿತು. ತಳ ಹಿಡಿಯದಿರಲೆಂದು ಅಡಿಗೆ ದುಂಡಗೆ ಕತ್ತರಿಸಿ ಹಾಸಿದ್ದ ಬಟರ್ ಪೇಪರಿನಲ್ಲಿ ಒಂದು ಮುಕ್ಕೋನ ಕಾಣಿಸುತ್ತಿರಲಿಲ್ಲ. ಅವ್ವನ ತುಂಡಿನ ಜೊತೆಗೇ ಅದೂ ಕುಯ್ದು ತಟ್ಟೆಗೆ ಬಂದಿತ್ತು.

"ಎಂಗಿತ್ತು ಅತ್ತೆ?" ಎಂದು ಹೆಂಡತಿ ಕೇಳಿದಳು.

"ಸೆಂದಾಗದ. ಬಾಳ ಮೆತ್ತಗದ," ಎಂದು ಅವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ತಳದ್ದೊಂದು ಮಾತ್ರ ವಸಿ ನಾರ್ ನಾರಾಗಿತ್ತು ಕಣ್ಲಾ. ಇನ್ನೊಂದ್ ಗಳಿಗೆ ಬೇಯ್ಬೇಕಿತ್ತು."

ಹೆಂಡತಿ ನನ್ನನ್ನು ನೋಡಿದಳು. ಆಮ್ಲೆಟ್ಟಿನ ತನಕ ಎಲ್ಲವನ್ನೂ ಒಪ್ಪಿಕೊಂಡಿದ್ದ ನಾನು ಆ ಹೊತ್ತಿಗೆ ಖಾಲಿಯಾಗಿದ್ದೆ. "ಮುಂದಿನ ಸಲ ಬೇಯಿಸ್ತೀನಿ ಅವ್ವ," ಎಂದು ಹೇಳಿ ಡಬರಿಯನ್ನು ಅಡುಗೆ ಮನೆಗೆ ಒಯ್ದು, ಉಳಿದ ಕೇಕಿನ ಅಡಿಯಿಂದ ಕಾಗದ ಸುಲಿಯುತ್ತ ನಿಂತೆ.